ಜೋನಿ ಬೆಲ್ಲದ ತಳದಲ್ಲಿ ಹರಳು ಕೂತಿದ್ದೇಕೆ?

ಕಳೆದ ಸಂಚಿಕೆಯಲ್ಲಿ ಒಬ್ಬರು ‘ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ಒಳ್ಳೆಯದೇ?’ ಅಂತ ಕೇಳಿದ್ದರು. ಎರಡರಲ್ಲೂ ಬಹುಪಾಲು ಇರುವುದು ಸುಕ್ರೋಸ್ ಅನ್ನುವ ಒಂದೇ ಜೋಡಿ ಸಕ್ಕರೆ, ಕರುಳಿಗೆ ಆ ಎರಡರ ನಡುವೆ ಹೆಚ್ಚಿನ ಭೇದವಿಲ್ಲ ಅಂತ ಬರೆದಿದ್ದೆ. ‘ಜೋಡಿ’ ಅನ್ನುವ ಆ ಒಂದು ಮಾತನ್ನು ಹಿಡಿದುಕೊಂಡು ಈ ತಿಂಗಳು ಬಹಳ ಕಾಗದ ಬಂದಿವೆ. ಮೂವತ್ತೊಂದು ವರ್ಷ ಶಿವಮೊಗ್ಗದಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳಿಗೆ ಇದಕ್ಕಿಂತ ಸಂತೋಷದ ವಿಷಯ ಇನ್ನೊಂದಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಮ್ಮ ಆಲೆಮನೆಯ ಜೋನಿ ಬೆಲ್ಲ ಪ್ರತಿ ವರ್ಷ ಮಳೆಗಾಲ ಕಳೆಯುವವರೆಗೂ ತೆಳ್ಳಗೇ ಇರುತ್ತಿತ್ತು. ಈ ವರ್ಷ ಡಬ್ಬದ ತಳದಲ್ಲಿ ಕಲ್ಲುಸಕ್ಕರೆಯಂಥ ಹರಳು ಕೂತಿದೆ. ಯಾವಾಗಲೂ ಒಯ್ಯುವ ಗಿರಾಕಿ ‘ಸಕ್ಕರೆ ಬೆರೆಸಿದ್ದೀರಿ’ ಅಂತ ಎರಡು ಡಬ್ಬ ವಾಪಸ್ ಕಳಿಸಿದರು. ನಾವು ಒಂದು ಚಮಚವೂ ಬೆರೆಸಿಲ್ಲ. ಹರಳು ಎಲ್ಲಿಂದ ಬಂತು? (ಕೃಷಿಕರು, ಸಾಗರ ತಾಲ್ಲೂಕು)

ಉತ್ತರ: ಆ ಹರಳು ನಿಮ್ಮ ಕಬ್ಬಿನದೇ ಸಕ್ಕರೆ. ಹರಳು ಕಂಡ ಮಾತ್ರಕ್ಕೆ ಕಲಬೆರಕೆ ಅನ್ನುವುದು ತಪ್ಪು. ಇದನ್ನು ನಿಮ್ಮ ಗಿರಾಕಿಗೂ ಓದಿ ಹೇಳಿ.

ನಾನು ಹುಟ್ಟಿದ್ದೂ ನಿಮ್ಮ ತಾಲ್ಲೂಕಿನಲ್ಲೇ. ಡಿಸೆಂಬರ್ ಬಂತೆಂದರೆ ಗದ್ದೆಯ ಅಂಚಿನಲ್ಲಿ ಗಾಣ ಹೂಡುತ್ತಿದ್ದರು. ಕೋಣಗಳು ಸುತ್ತುತ್ತಿದ್ದವು, ನಾವು ಮಕ್ಕಳು ಲೋಟ ಹಿಡಿದು ನಿಲ್ಲುತ್ತಿದ್ದೆವು. ಒಲೆಯ ಮೇಲೆ ಕೊಪ್ಪರಿಗೆ, ಅದರ ಪಕ್ಕದಲ್ಲಿ ಒಂದು ತೆಂಗಿನ ಗರಟೆಯಲ್ಲಿ ಸುಣ್ಣದ ತಿಳಿ. ಅಪ್ಪ ಎರಡು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕಡಿದ ಕಬ್ಬು ಗದ್ದೆಯಲ್ಲಿ ರಾತ್ರಿ ಕಳೆಯಬಾರದು. ಅಚ್ಚು ಬೆಲ್ಲಕ್ಕೆ ಸುಣ್ಣ ಬೇಕು, ಜೋನಿಗೆ ಸುಣ್ಣದ ಕೈ ಹಿಡಿತದಲ್ಲಿರಬೇಕು. ಯಾಕೆ ಅಂತ ಕೇಳಿದರೆ ‘ಜೋನಿ ಕಲ್ಲಾಗ್ತದೆ ಮಗಾ’ ಅನ್ನುತ್ತಿದ್ದರು. ಅದರ ಹಿಂದಿನ ಲೆಕ್ಕ ನನಗೆ ಸಿಕ್ಕಿದ್ದು ಬಿ.ಎಸ್ಸಿ. ಓದುವಾಗ.

ಸುಕ್ರೋಸ್ ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೈ ಕೈ ಹಿಡಿದು ನಿಂತ ಜೋಡಿ. ಹುಳಿ ಮತ್ತು ಬಿಸಿ ಎರಡೂ ಸೇರಿದರೆ ಆ ಕೈ ಬಿಡುತ್ತದೆ. ಬಿಡುವಾಗ ಒಂದು ನೀರಿನ ಕಣವನ್ನು ಒಳಗೆ ಎಳೆದುಕೊಳ್ಳುತ್ತದೆ. 342 ಗ್ರಾಂ ಸುಕ್ರೋಸ್ 18 ಗ್ರಾಂ ನೀರನ್ನು ಕೂಡಿಸಿಕೊಂಡು 180 ಗ್ರಾಂ ಗ್ಲೂಕೋಸ್, 180 ಗ್ರಾಂ ಫ್ರಕ್ಟೋಸ್ ಆಗುತ್ತದೆ. ಒಟ್ಟು 360. ಬರೀ ಸುಕ್ರೋಸ್ ದಪ್ಪ ಪಾಕದಲ್ಲಿದ್ದರೆ ಒಂದೇ ಆಕಾರದ ಕಣಗಳು ಸಾಲಾಗಿ ಕೂತು ಹರಳಾಗುತ್ತವೆ. ನಡುವೆ ಗ್ಲೂಕೋಸ್, ಫ್ರಕ್ಟೋಸ್ ನುಗ್ಗಿದರೆ ಸಾಲು ಕೆಡುತ್ತದೆ, ಹರಳು ಕಟ್ಟುವುದು ಕಷ್ಟವಾಗುತ್ತದೆ. ಫ್ರಕ್ಟೋಸ್ ಅಂತೂ ನೀರನ್ನು ಬಿಟ್ಟುಕೊಡುವುದೇ ಇಲ್ಲ. ಜೋನಿ ಬೆಲ್ಲ ಜೋನಿಯಾಗಿಯೇ ಉಳಿಯುವ ಗುಟ್ಟು ಇದು: ಅದರಲ್ಲಿ ಒಂದಿಷ್ಟು ಜೋಡಿ ಮುರಿದಿರಬೇಕು, ನೀರಿನ ಅಂಶವೂ ಅಚ್ಚು ಬೆಲ್ಲಕ್ಕಿಂತ ಹೆಚ್ಚಿರಬೇಕು. ಸುಕ್ರೋಸಿಗಿಂತ ಫ್ರಕ್ಟೋಸ್ ಹೆಚ್ಚು ಸಿಹಿ. ದೋಸೆಯ ಮೇಲೆ ಜೋನಿ ಸ್ವಲ್ಪವೇ ಸುರಿದರೂ ನಾಲಿಗೆ ತುಂಬುವುದರಲ್ಲಿ ಅದರ ಪಾಲೂ ಇದೆ.

ಕಬ್ಬಿನ ಹಾಲು ಸಹಜವಾಗಿಯೇ ಸ್ವಲ್ಪ ಹುಳಿ. ಕೊಪ್ಪರಿಗೆಯಲ್ಲಿ ಮೂರು-ನಾಲ್ಕು ತಾಸು ಕುದಿಯುವಾಗ ಆ ಹುಳಿಯೇ ಒಂದಿಷ್ಟು ಜೋಡಿಗಳನ್ನು ಬಿಡಿಸುತ್ತದೆ. ಸುಣ್ಣ ಹುಳಿಯನ್ನು ಕೊಲ್ಲುವುದರಿಂದ ಜೋಡಿ ಗಟ್ಟಿಯಾಗಿ ಉಳಿಯುತ್ತದೆ. ಅಚ್ಚು ಬೆಲ್ಲಕ್ಕೆ ಬೇಕಾಗಿದ್ದು ಅದೇ. ಕಡಿದು ಬಿಸಿಲಲ್ಲಿ ಬಿದ್ದ ಕಬ್ಬಿನಲ್ಲಿ ಕಬ್ಬಿನದೇ ಇನ್ವರ್ಟೇಸ್ ಎಂಬ ಕಿಣ್ವ ಮತ್ತು ಸೂಕ್ಷ್ಮಜೀವಿಗಳು ಗಾಣಕ್ಕೆ ಬರುವ ಮೊದಲೇ ಜೋಡಿ ಮುರಿಯಲು ಶುರುಮಾಡಿರುತ್ತವೆ. ಅಂಥ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಬೆವರುತ್ತದೆ.

ಈ ವರ್ಷ ನಿಮ್ಮಲ್ಲಿ ಏನಾಗಿರಬಹುದು? ನೀವು ಕಾಗದದ ಕೊನೆಯಲ್ಲಿ ಎರಡು ಸಂಗತಿ ಬರೆದಿದ್ದೀರಿ. ಹೊಸ ಆಳು ಸುಣ್ಣ ಸ್ವಲ್ಪ ಜಾಸ್ತಿ ಹಾಕಿದ್ದು ಒಂದು, ಪಾಕವನ್ನು ಪ್ರತಿ ವರ್ಷಕ್ಕಿಂತ ಗಟ್ಟಿಯಾಗಿ ಇಳಿಸಿದ್ದು ಇನ್ನೊಂದು. ನನ್ನ ಪ್ರಕಾರ ಉತ್ತರ ನಿಮ್ಮ ಕಾಗದದಲ್ಲೇ ಇದೆ. ಸುಣ್ಣ ಹೆಚ್ಚಾಗಿ ಜೋಡಿ ಮುರಿಯಲಿಲ್ಲ, ನೀರು ಕಮ್ಮಿಯಾಗಿ ಸುಕ್ರೋಸ್ ದಟ್ಟವಾಯಿತು, ಚಳಿಗೆ ತಳದಲ್ಲಿ ಹರಳು ಕೂತಿತು. ಡಬ್ಬವನ್ನು ಬಿಸಿನೀರಿನ ಹಂಡೆಯಲ್ಲಿಟ್ಟು ಮರದ ಸೌಟಿನಿಂದ ಕಲಕಿದರೆ ಹರಳು ಕರಗುತ್ತದೆ. ಮುಂದಿನ ವರ್ಷ ಇಳಿಸುವ ಹೊತ್ತಿಗೆ ಸಿಟ್ರಿಕ್ ಆಮ್ಲ ಹಾಕಬಹುದು. ಒಂದು ಕಿಲೋ ಜೋನಿಗೆ 400 ಮಿಲಿಗ್ರಾಂ, ಅಂದರೆ ನೂರು ಕಿಲೋಗೆ 40 ಗ್ರಾಂ ಸಾಕು. ನಿಂಬೆಹುಳಿಯಲ್ಲಿರುವುದೂ ಅದೇ ಆಮ್ಲ. ಬಣ್ಣ ಬರಲಿ ಅಂತ ಹೈಡ್ರೋಸ್ ಎಂಬ ಬಿಳುಪಿಸುವ ರಾಸಾಯನಿಕ ಮಾತ್ರ ದಯವಿಟ್ಟು ಹಾಕಬೇಡಿ. ಕಪ್ಪಗಿದ್ದರೂ ಜೋನಿಗೆ ಒಂದು ಮರ್ಯಾದೆ ಇದೆ.

ಜೇನಿನಲ್ಲಿ ಇದೇ ಕೆಲಸವನ್ನು ಹುಳುಗಳು ಮಾಡುತ್ತವೆ. ಹೂವಿನ ಮಕರಂದದಲ್ಲಿರುವ ಸುಕ್ರೋಸನ್ನು ತುಡುವೆ ತನ್ನ ಹೊಟ್ಟೆಯ ಕಿಣ್ವದಿಂದ ಒಡೆಯುತ್ತದೆ. ಆದರೂ ಜೇನುತುಪ್ಪ ಚಳಿಗಾಲದಲ್ಲಿ ಮೊಸರಿನಂತೆ ಹೆಪ್ಪುಗಟ್ಟುವುದುಂಟು. ಅಲ್ಲಿ ಹರಳಾಗುವುದು ಬಿಡಿ ಗ್ಲೂಕೋಸ್. ಅದಕ್ಕೂ ‘ಸಕ್ಕರೆ ಪಾಕ ಬೆರೆಸಿದ್ದಾರೆ’ ಅನ್ನುವ ಅಪವಾದ ಬರುತ್ತದೆ, ಅದೂ ಅನ್ಯಾಯವೇ.

ಪ್ರಶ್ನೆ: ನಾನು ದ್ವಿತೀಯ ಪಿಯು ವಿದ್ಯಾರ್ಥಿ. ಪ್ರಾಕ್ಟಿಕಲ್‌ನಲ್ಲಿ ಸಕ್ಕರೆ ದ್ರಾವಣಕ್ಕೆ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಿದರೆ ನನ್ನದು ನೀಲಿಯಾಗೇ ಉಳಿಯಿತು. ಪಕ್ಕದವನದು ಇಟ್ಟಿಗೆ ಕೆಂಪು ಬಂತು. ಇಬ್ಬರೂ ಒಂದೇ ಬಾಟಲಿಯಿಂದ ತಗೊಂಡಿದ್ದು. ಯಾರದು ಸರಿ? (ತೀರ್ಥಹಳ್ಳಿ)

ಉತ್ತರ: ನಿನ್ನದು ಸರಿ. ಪುಸ್ತಕದಲ್ಲಿ ಬರೆದಿದ್ದಕ್ಕೆ ತಾಳೆಯಾಗುತ್ತದೆ ಅಂತ ಹೇಳುತ್ತಿಲ್ಲ, ಕಾರಣ ಕೇಳು.

ಬೆನೆಡಿಕ್ಟ್ ದ್ರಾವಣದ ನೀಲಿ ಬಣ್ಣ ತಾಮ್ರದ್ದು. ಗ್ಲೂಕೋಸಿಗೆ ಆ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡಬಲ್ಲ ಒಂದು ತುದಿ ಇದೆ. ಫ್ರಕ್ಟೋಸಿಗೂ ಇದೆ. ಆ ತುದಿ ಬಿಡುವಾಗಿದ್ದರೆ ನೀಲಿ ತಾಮ್ರ ಕೆಂಪು ತಾಮ್ರದ ಆಕ್ಸೈಡ್ ಆಗಿ ಕೆಳಗಿಳಿಯುತ್ತದೆ. ಸುಕ್ರೋಸಿನಲ್ಲಿ ಈ ಎರಡೂ ತುದಿಗಳೇ ಒಂದಕ್ಕೊಂದು ಬೆಸೆದುಕೊಂಡಿವೆ. ಕೊಡುವುದಕ್ಕೆ ಯಾವ ಕೈಯೂ ಖಾಲಿ ಇಲ್ಲ. ಹಾಲಿನ ಲ್ಯಾಕ್ಟೋಸ್, ಮೊಳಕೆ ಕಾಳಿನ ಮಾಲ್ಟೋಸ್ ಕೂಡ ಜೋಡಿಗಳೇ, ಆದರೆ ಅವುಗಳಲ್ಲಿ ಎರಡನೆಯ ಸಕ್ಕರೆಯ ಒಂದು ತುದಿ ಬಿಡುವಾಗಿರುತ್ತದೆ. ಅವು ಕೆಂಪು ಕೊಡುತ್ತವೆ.

ಪಕ್ಕದವನ ನಳಿಕೆಯಲ್ಲಿ ಏನಾಗಿತ್ತು ಅಂತ ನಾನು ಊಹಿಸಬಲ್ಲೆ. ನಮ್ಮ ಲ್ಯಾಬಿನಲ್ಲೂ ವರ್ಷಕ್ಕೆ ನಾಲ್ಕೈದು ಸಲ ಹೀಗಾಗುತ್ತಿತ್ತು. ಹಿಂದಿನ ಬ್ಯಾಚಿನವರು ಗ್ಲೂಕೋಸ್ ಪರೀಕ್ಷೆ ಮಾಡಿ ನಳಿಕೆಯನ್ನು ಬರೀ ನೀರಲ್ಲಿ ಅದ್ದಿ ಇಟ್ಟಿರುತ್ತಾರೆ. ಇಲ್ಲವೇ ನಳಿಕೆಯಲ್ಲಿ ಆಸಿಡ್ ಉಳಿದಿದ್ದು, ಅವನು ಸಕ್ಕರೆ ದ್ರಾವಣವನ್ನು ಮೊದಲು ಅದರಲ್ಲೇ ಕಾಯಿಸಿರುತ್ತಾನೆ. ನೀನು ಬೇಕಂತಲೇ ಇದನ್ನು ಮಾಡಿ ನೋಡು. ಎರಡು ಮಿ.ಲೀ. ಸಕ್ಕರೆ ದ್ರಾವಣಕ್ಕೆ ನಾಲ್ಕು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುದಿನೀರಿನಲ್ಲಿ ಐದು ನಿಮಿಷ ಇಡು. ಆರಿದ ಮೇಲೆ ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕು, ಬುರುಗು ನಿಲ್ಲುವವರೆಗೆ. ಈಗ ಬೆನೆಡಿಕ್ಟ್ ಹಾಕಿ ಕಾಯಿಸು. ಮೊದಲು ಹಸಿರು, ಆಮೇಲೆ ಅರಿಶಿನ, ಕೊನೆಗೆ ಇಟ್ಟಿಗೆ. ಆ ಬಣ್ಣಗಳು ಒಂದರ ಮೇಲೊಂದು ಬರುವಾಗ ನಳಿಕೆಯಿಂದ ಕಣ್ಣು ತೆಗೆಯಬೇಡ. ಸೋಡಾ ಮರೆತರೆ ಉಳಿದ ಹುಳಿ ಪರೀಕ್ಷೆಯನ್ನೇ ಕೆಡಿಸುತ್ತದೆ.

ಇನ್ನೊಂದು ಸೊಗಸು: ಸುಕ್ರೋಸ್ ದ್ರಾವಣ ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ಬಲಕ್ಕೆ ತಿರುಗಿಸುತ್ತದೆ, ಅದರ ವಿಶಿಷ್ಟ ಭ್ರಮಣ +66.5 ಡಿಗ್ರಿ. ಪೂರ್ತಿ ಒಡೆದ ಮೇಲೆ ಅದು ಎಡಕ್ಕೆ, ಸುಮಾರು −20ಕ್ಕೆ ಹೋಗುತ್ತದೆ. ದಿಕ್ಕು ತಿರುಗುವುದರಿಂದಲೇ ಒಡೆದ ಮಿಶ್ರಣಕ್ಕೆ ‘ಇನ್ವರ್ಟ್ ಶುಗರ್’ ಅಂತ ಹೆಸರು, ಒಡೆಯುವ ಕಿಣ್ವಕ್ಕೆ ಇನ್ವರ್ಟೇಸ್. 1913ರಲ್ಲಿ ಮೈಕೇಲಿಸ್ ಮತ್ತು ಮೆಂಟೆನ್ ಕಿಣ್ವಗಳ ವೇಗದ ಸೂತ್ರ ಕಂಡುಹಿಡಿದದ್ದು ಇದೇ ತಿರುಗುವಿಕೆಯನ್ನು ನಿಮಿಷ ನಿಮಿಷಕ್ಕೂ ಅಳೆದು. ನಿಮ್ಮ ಕಾಲೇಜಿನಲ್ಲಿ ಈ ತಿರುಗುವಿಕೆ ಅಳೆಯುವ ಪೋಲಾರಿಮೀಟರ್ ಇದ್ದರೆ ಮೇಷ್ಟ್ರನ್ನು ಕೇಳಿ ಒಮ್ಮೆ ನೋಡು.

ಪ್ರಶ್ನೆ: ಅಕ್ಕ, ನನಗೆ 38 ವರ್ಷ. ರಾತ್ರಿ ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಗುಡುಗುಡು ಅನ್ನುತ್ತೆ, ಬೆಳಿಗ್ಗೆ ಭೇದಿ. ಮದುವೆ ಮನೆಯಲ್ಲಿ ಹಾಲು ಪಾಯಸ ಉಂಡರೂ ಅದೇ ಪಾಡು. ಮಜ್ಜಿಗೆ, ತಂಬುಳಿ ಎಷ್ಟು ಉಂಡರೂ ಏನೂ ಆಗಲ್ಲ. ‘ಹಾಲು ಆಗಲ್ಲ, ಮೊಸರು ಆಗುತ್ತೆ ಅಂದರೆ ಯಾವ ನ್ಯಾಯ, ಇದೆಲ್ಲ ಮನಸ್ಸಿನದು’ ಅಂತ ಅತ್ತೆ ಬೈಯುತ್ತಾರೆ. (ಗೃಹಿಣಿ, ಹೊಸನಗರ)

ಉತ್ತರ: ತಂಗಿ, ಇದು ಮನಸ್ಸಿನದಲ್ಲ. ನಿಮ್ಮ ಕಾಗದ ಓದುವಾಗ ನನ್ನದೇ ಹಳೆಯ ಡೈರಿ ಓದಿದಂತಾಯಿತು.

ನನಗೆ ನಲವತ್ತರ ಹತ್ತಿರ ಇದೇ ಶುರುವಾಯಿತು. ಆಗ ತೋರಿಸಿದ ವೈದ್ಯರು ಹೊಟ್ಟೆ ಮುಟ್ಟಿ ನೋಡಿ ‘ಗ್ಯಾಸ್ಟ್ರಿಕ್’ ಅಂದರು, ಹುಳಿ ಕಡಿಮೆ ಮಾಡುವ ಮಾತ್ರೆ ಬರೆದರು. ಎರಡು ವರ್ಷ ನುಂಗಿದೆ. ಮಾತ್ರೆ ನುಂಗುತ್ತಿದ್ದದ್ದು ಯಾವುದರ ಜೊತೆ? ಒಂದು ಲೋಟ ಬಿಸಿ ಹಾಲಿನ ಜೊತೆ, ಹೊಟ್ಟೆಗೆ ತಂಪು ಅಂತ! ಎರಡು ವರ್ಷದಲ್ಲಿ ಒಬ್ಬರೂ ‘ಏನು ಕುಡಿಯುತ್ತೀರಿ, ಎಷ್ಟು ಹೊತ್ತಿಗೆ ಉಬ್ಬರಿಸುತ್ತದೆ’ ಅಂತ ಕೇಳಲಿಲ್ಲ. ಕೊನೆಗೆ ಬೇರೊಬ್ಬ ಹಿರಿಯ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ಅದು. ತರಗತಿಯಲ್ಲಿ ವರ್ಷವರ್ಷವೂ ಲ್ಯಾಕ್ಟೋಸ್ ಬರೆದು ಅಳಿಸುತ್ತಿದ್ದವಳು ನಾನು, ನನ್ನ ಕರುಳಿನೊಳಗೆ ಅದೇ ನಡೆಯುತ್ತಿದೆ ಅಂತ ಹೊಳೆಯಲಿಲ್ಲ. ಆ ಎರಡು ವರ್ಷದ ಸಂಕಟ ಇನ್ನೊಬ್ಬರಿಗೆ ಬೇಡ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಲಿನ ಸಕ್ಕರೆ ಲ್ಯಾಕ್ಟೋಸ್, ಗ್ಯಾಲಕ್ಟೋಸ್ ಮತ್ತು ಗ್ಲೂಕೋಸಿನ ಜೋಡಿ. ದೇಹ ಯಾವ ಜೋಡಿಯನ್ನೂ ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುವುದಿಲ್ಲ, ಬಿಡಿಸಿ ಒಂದೊಂದಾಗಿಯೇ ಒಳಗೆ ಕರೆದುಕೊಳ್ಳುತ್ತದೆ. ಬಿಡಿಸುವ ಜಾಗ ಸಣ್ಣ ಕರುಳಿನ ಒಳಗೋಡೆ. ಅಲ್ಲಿ ಮಖಮಲ್ಲಿನ ಹಾಗೆ ಕೋಟಿಗಟ್ಟಲೆ ಸಣ್ಣ ಸಣ್ಣ ಬೆರಳುಗಳು ಎದ್ದು ನಿಂತಿವೆ. ಕಿಣ್ವಗಳು ಆ ಬೆರಳುಗಳ ಮೈಗೆ ಅಂಟಿಕೊಂಡೇ ಕೆಲಸ ಮಾಡುತ್ತವೆ. ಸುಕ್ರೋಸಿಗೆ ಸುಕ್ರೇಸ್, ಮಾಲ್ಟೋಸಿಗೆ ಮಾಲ್ಟೇಸ್, ಲ್ಯಾಕ್ಟೋಸಿಗೆ ಲ್ಯಾಕ್ಟೇಸ್. ಲ್ಯಾಕ್ಟೇಸಿನ ಕೆಲಸ ಉಳಿದೆರಡಕ್ಕೆ ಬಾರದು. ಲ್ಯಾಕ್ಟೋಸಿನ ಬೆಸುಗೆ ಬೀಟಾ ಎಂಬ ಬಗೆಯದು, ಮಾಲ್ಟೋಸಿನದು ಆಲ್ಫಾ. ಇಂಥ ಸಣ್ಣ ವ್ಯತ್ಯಾಸಕ್ಕೂ ಕಿಣ್ವ ಬದಲಾಗುವುದನ್ನು ಕಂಡೇ ಜರ್ಮನಿಯ ಎಮಿಲ್ ಫಿಶರ್ 1894ರಲ್ಲಿ ಬೀಗ ಮತ್ತು ಕೀಲಿಕೈಯ ಹೋಲಿಕೆ ಕೊಟ್ಟರು. ಸಕ್ಕರೆಗಳ ಮೇಲಿನ ಕೆಲಸಕ್ಕಾಗಿ 1902ರಲ್ಲಿ ಅವರಿಗೆ ನೊಬೆಲ್ ಬಂತು.

ಎದೆಹಾಲು ಕುಡಿಯುವ ಮಗುವಿಗೆ ಲ್ಯಾಕ್ಟೇಸ್ ತುಂಬಿ ತುಳುಕುತ್ತದೆ. ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು 7 ಭಾಗ ಲ್ಯಾಕ್ಟೋಸ್ ಇರುತ್ತದೆ, ಹಸುವಿನ ಹಾಲಿಗಿಂತ ಹೆಚ್ಚು. ಹಾಲು ಬಿಟ್ಟ ಮೇಲೆ ಹೆಚ್ಚಿನ ಮನುಷ್ಯರಲ್ಲಿ ಈ ಕಿಣ್ವ ನಿಧಾನಕ್ಕೆ ಇಳಿಯುತ್ತದೆ. ಲೋಕದ ದೊಡ್ಡವರಲ್ಲಿ ಮೂರರಲ್ಲಿ ಎರಡು ಪಾಲಿನವರು ಹೀಗೆಯೇ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದ ನಮ್ಮಲ್ಲಿ ಇದು ಹೆಚ್ಚು. ಅಂದರೆ ಇದು ರೋಗ ಅಲ್ಲವೇ ಅಲ್ಲ. ಒಡೆಯದೆ ಉಳಿದ ಲ್ಯಾಕ್ಟೋಸ್ ಕರುಳಿಗೆ ನೀರೆಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಉಬ್ಬರ, ಗುಡುಗುಡು, ಭೇದಿ ಎಲ್ಲದರ ಮೂಲ ಅದೇ. ಆ ಹೈಡ್ರೋಜನ್ನಿನ ಒಂದು ಪಾಲು ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಬರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಲ್ಯಾಕ್ಟೋಸ್ ಕುಡಿಸಿ ಉಸಿರು ಊದಿಸಿ ಪತ್ತೆ ಹಚ್ಚುವುದು ಇದರಿಂದಲೇ.

ಇನ್ನು ಅತ್ತೆಯವರ ಪ್ರಶ್ನೆ. ಅದು ನಿಜಕ್ಕೂ ಒಳ್ಳೆಯ ಪ್ರಶ್ನೆ, ಸಿಟ್ಟು ಮಾಡಿಕೊಳ್ಳದೆ ಉತ್ತರ ಓದಿ ಹೇಳಿ. ಹೆಪ್ಪು ಹಾಕಿದಾಗ ಮೊಸರಿನ ಬ್ಯಾಕ್ಟೀರಿಯಾಗಳು ಒಂದಿಷ್ಟು ಲ್ಯಾಕ್ಟೋಸನ್ನು ಮೊದಲೇ ತಿಂದು ಹುಳಿ ಮಾಡಿರುತ್ತವೆ. ಉಳಿದದ್ದನ್ನು ಒಡೆಯುವ ಕಿಣ್ವವೂ ಅವುಗಳಲ್ಲಿರುತ್ತದೆ, ನಮ್ಮ ಕರುಳಿನಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಮೊಸರು ಗಟ್ಟಿಯಾದ್ದರಿಂದ ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತದೆ. ಮಜ್ಜಿಗೆಗೆ ನೀರೂ ಸೇರಿರುತ್ತದೆ. ತುಪ್ಪದಲ್ಲಿ ಲ್ಯಾಕ್ಟೋಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಹಾಗಂತ ಹಾಲನ್ನು ಪೂರ್ತಿ ಬಿಡಬೇಕಿಲ್ಲ. ಹಸುವಿನ ಹಾಲಿನಲ್ಲಿ ನೂರಕ್ಕೆ ನಾಲ್ಕೂವರೆ-ಐದು ಭಾಗ ಲ್ಯಾಕ್ಟೋಸ್. ಇನ್ನೂರು ಮಿ.ಲೀ. ಲೋಟದಲ್ಲಿ ಹತ್ತು ಗ್ರಾಮಿನ ಆಸುಪಾಸು, ಒಂದು ಕಾಫಿಯ ಹಾಲಿನಲ್ಲಿ ಎರಡು-ಮೂರು ಗ್ರಾಂ. ಖಾಲಿ ಹೊಟ್ಟೆಗೆ ಲೋಟ ತುಂಬ ಕುಡಿಯುವುದನ್ನು ಬಿಟ್ಟು ಊಟದ ಜೊತೆ ಸ್ವಲ್ಪ ಸ್ವಲ್ಪ ತಗೊಂಡರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನಾನು ಈಗಲೂ ದಿನಕ್ಕೆ ಎರಡು ಕಾಫಿ ಕುಡಿಯುತ್ತೇನೆ. ಎರಡು ವಾರ ಹಾಲು ನಿಲ್ಲಿಸಿ, ಆಮೇಲೆ ಒಂದು ದಿನ ಕುಡಿದು ಬರೆದಿಟ್ಟುಕೊಳ್ಳಿ, ನಿಮ್ಮ ಅಳತೆ ನಿಮಗೇ ತಿಳಿಯುತ್ತದೆ. ಸುಣ್ಣದಂಶದ ಚಿಂತೆ ಇದ್ದರೆ ಮೊಸರು, ಮಜ್ಜಿಗೆ ಇದ್ದೇ ಇವೆ. ನೂರು ಗ್ರಾಂ ರಾಗಿಯಲ್ಲೂ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ನಿದ್ದೆಯಿಂದ ಎಬ್ಬಿಸುವಷ್ಟು ಭೇದಿಯಾದರೆ ಲ್ಯಾಕ್ಟೋಸ್ ಅಂತ ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಗುವಿಗೆ ರಾಗಿ ಸರಿ ಮಾಡುತ್ತೇನೆ. ಸಾದಾ ರಾಗಿ ಹಿಟ್ಟಿನದು ಗಟ್ಟಿಯಾಗುತ್ತೆ, ಮೊಳಕೆ ಕಟ್ಟಿ ಬೀಸಿದ ಹಿಟ್ಟಿನದು ಅಷ್ಟೇ ಹಾಕಿದರೂ ನೀರು ನೀರು. ಹಿಟ್ಟು ಕೆಟ್ಟಿದೆಯಾ? (ಸೊರಬ)

ಉತ್ತರ: ಕೆಟ್ಟಿಲ್ಲ ತಾಯಿ, ಹಿಟ್ಟು ಜೀವಂತವಾಗಿದೆ. ಮೊಳಕೆಯೊಡೆದ ಕಾಳು ತನ್ನೊಳಗಿನ ಪಿಷ್ಟವನ್ನು ಒಡೆಯಲು ಅಮೈಲೇಸ್ ಕಿಣ್ವ ಮಾಡಿಕೊಳ್ಳುತ್ತದೆ. ಸರಿ ಬಿಸಿಯಾಗುತ್ತಾ ಹೋಗುವಾಗ, ಕುದಿ ಬರುವ ಮೊದಲು, ಅದು ಉದ್ದದ ಪಿಷ್ಟವನ್ನು ಚೂರು ಚೂರು ಮಾಡುತ್ತದೆ. ಗಟ್ಟಿತನ ಹೋಗಿ ಮಾಲ್ಟೋಸ್ ಬರುತ್ತದೆ. ಮಾಲ್ಟೋಸ್ ಅಂದರೆ ಎರಡು ಗ್ಲೂಕೋಸಿನ ಜೋಡಿ. ನಮ್ಮ ಎಂಜಲಿನಲ್ಲೂ ಇಂಥದೇ ಕಿಣ್ವ ಇದೆ. ಒಂದು ಮುಷ್ಟಿ ಅವಲಕ್ಕಿಯನ್ನು ನುಂಗದೆ ಒಂದೆರಡು ನಿಮಿಷ ಅಗಿದರೆ ಸಿಹಿಯಾಗುವುದು ಅದರಿಂದ. ಸರಿ ತೆಳ್ಳಗಾಗುವುದು ಮಗುವಿಗೆ ಅನುಕೂಲವೇ. ಅದೇ ಹದಕ್ಕೆ ಹಿಟ್ಟು ಸ್ವಲ್ಪ ಹೆಚ್ಚು ಹಾಕಿ, ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ಬೆಲ್ಲ ಹಾಕುವ ಅಗತ್ಯವೂ ಬೀಳುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಎರಡು ಮಾತ್ರೆ ಇವೆ, ಒಂದರ ಹೆಸರು ವೋಗ್ಲಿಬೋಸ್. ಮೊನ್ನೆ ಊಟ ತಡವಾಗಿ ಕೈ ನಡುಗಿ ಬೆವರಿದರು. ಸಕ್ಕರೆ ನೀರು ಕುಡಿಸಿದೆ, ಬಹಳ ಹೊತ್ತು ಸುಧಾರಿಸಲೇ ಇಲ್ಲ. ಯಾಕೆ ಹೀಗೆ? (ಭದ್ರಾವತಿ)

ಉತ್ತರ: ಇದನ್ನು ಮನೆಯವರೆಲ್ಲ ಓದಬೇಕು. ವೋಗ್ಲಿಬೋಸ್, ಅಕಾರ್ಬೋಸ್ ಅನ್ನುವ ಮಾತ್ರೆಗಳ ಕೆಲಸವೇ ಕರುಳಿನ ಗೋಡೆಯ ಸುಕ್ರೇಸ್, ಮಾಲ್ಟೇಸುಗಳನ್ನು ತಡೆಯುವುದು. ಊಟದ ಸಕ್ಕರೆ ನಿಧಾನಕ್ಕೆ ರಕ್ತಕ್ಕೆ ಬರಲಿ ಅಂತ. ಹಾಗಾಗಿ ನೀವು ಕುಡಿಸಿದ ಸಕ್ಕರೆ, ಅಂದರೆ ಸುಕ್ರೋಸ್, ಬೇಗ ಒಡೆಯಲಿಲ್ಲ. ಬೆಲ್ಲ, ಚಾಕೊಲೇಟ್, ಬಿಸ್ಕತ್ತಿಗೂ ಇದೇ ಮಾತು. ಅವರಿಗೆ ಬೇಕಾಗಿದ್ದು ಬಿಡಿ ಗ್ಲೂಕೋಸ್. ಔಷಧಿ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯ ಡಬ್ಬಿ ಒಂದು ಮನೆಯಲ್ಲಿ, ಪೊಟ್ಟಣ ಒಂದು ಅವರ ಅಂಗಿ ಜೇಬಿನಲ್ಲಿ ಇರಲಿ. 15ರಿಂದ 20 ಗ್ರಾಂ, ಅಂದರೆ ಮೂರು-ನಾಲ್ಕು ಟೀ ಚಮಚ, ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಿ, 70ಕ್ಕಿಂತ ಕೆಳಗೇ ಇದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ವೋಗ್ಲಿಬೋಸ್ ಒಂದೇ ತಗೊಂಡರೆ ಸಾಮಾನ್ಯವಾಗಿ ಸಕ್ಕರೆ ಇಷ್ಟು ಇಳಿಯುವುದಿಲ್ಲ. ಜೊತೆಗಿರುವ ಇನ್ನೊಂದು ಮಾತ್ರೆ ಇಳಿಸಿರಬೇಕು. ಎರಡೂ ಪಟ್ಟಿಗಳನ್ನು ಹಿಡಿದುಕೊಂಡು ಈ ವಾರವೇ ವೈದ್ಯರ ಹತ್ತಿರ ಹೋಗಿ ನಡೆದದ್ದನ್ನು ಹೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ಮಗುವಿಗೆ ಭೇದಿಯಾದಾಗ ಆಶಾ ಕಾರ್ಯಕರ್ತೆ ಓಆರ್‌ಎಸ್ ಕೊಟ್ಟರು. ಭೇದಿಯಲ್ಲಿ ಸಿಹಿ ಕೊಟ್ಟರೆ ಜಾಸ್ತಿಯಾಗುತ್ತೆ ಅಂತ ನಮ್ಮಮ್ಮ ಬೇಡ ಅಂದರು. ಅದರಲ್ಲಿ ಸಕ್ಕರೆ ಯಾಕೆ? ಉಪ್ಪು ನೀರಷ್ಟೇ ಸಾಲದೇ? (ಶಿಕಾರಿಪುರ)

ಉತ್ತರ: ಸಾಲದು. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಒಟ್ಟಿಗೆ ಬಂದರೆ ಮಾತ್ರ ಅದು ತೆರೆಯುತ್ತದೆ. ಅವು ಒಳಗೆ ಹೋದರೆ ಹಿಂದೆಯೇ ನೀರೂ ಹೋಗುತ್ತದೆ. ಭೇದಿಯಲ್ಲೂ ಈ ಬಾಗಿಲು ಕೆಲಸ ಮಾಡುತ್ತಲೇ ಇರುತ್ತದೆ. ಇದನ್ನು ಮೊದಲು ಪ್ರತಿಪಾದಿಸಿದವರು ರಾಬರ್ಟ್ ಕ್ರೇನ್, 1960ರಲ್ಲಿ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿ ಮುಗಿದಾಗ, ಡಾ. ದಿಲೀಪ್ ಮಹಲನೊಬಿಸ್ ಗ್ಲೂಕೋಸ್ ಮತ್ತು ಉಪ್ಪು ಕದಡಿದ ನೀರನ್ನು ಡ್ರಮ್ಮುಗಟ್ಟಲೆ ಮಾಡಿ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಈ ಕಥೆ ಹೇಳುವಾಗ ತರಗತಿಯಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು.

ಈಗಿನ ಪೊಟ್ಟಣದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಸವರಿದ ಅಳತೆ. ಸಕ್ಕರೆ ಜೋಡಿಯಾದ್ದರಿಂದ ಒಡೆದ ಮೇಲೆ ಅದರ ಗ್ಲೂಕೋಸ್ ಪಾಲು ಮಾತ್ರ ಸೋಡಿಯಮ್ಮಿನ ಜೊತೆಗಾರ ಆಗುತ್ತದೆ. ನಿಮ್ಮಮ್ಮ ಹೇಳಿದ್ದರಲ್ಲೂ ಅರ್ಧ ನಿಜ ಇದೆ: ಸಿಹಿ ಅತಿಯಾದರೆ ಅದೇ ಕರುಳಿಗೆ ನೀರೆಳೆದು ಭೇದಿ ಹೆಚ್ಚಿಸುತ್ತದೆ. ಅದಕ್ಕೇ ಬಾಟಲಿಯ ತಂಪು ಪಾನೀಯ, ಡಬ್ಬದ ಜ್ಯೂಸ್ ಕೊಡಬಾರದು. ಭೇದಿಯಲ್ಲಿ ಕರುಳಿನ ಬೆರಳುಗಳ ತುದಿ ಸವೆದು ಲ್ಯಾಕ್ಟೇಸ್ ಕೆಲವು ದಿನ ಕಡಿಮೆಯಾಗಬಹುದು. ಹಾಗಂತ ಎದೆಹಾಲು ಮಾತ್ರ ನಿಲ್ಲಿಸಲೇಬೇಡಿ. ಆಶಾ ಕೊಟ್ಟ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ಬಿಡದೆ ಒಟ್ಟು ಹದಿನಾಲ್ಕು ದಿನ ಪೂರ್ತಿ ಮುಗಿಸಿ.

ಪ್ರಶ್ನೆ: ಅಣಬೆಯಲ್ಲೂ ಸಕ್ಕರೆ ಇದೆಯಂತೆ, ನಿಜವೇ? (ಕೊಪ್ಪ)

ಉತ್ತರ: ನಿಜ. ಹೆಸರು ಟ್ರೆಹಲೋಸ್. ಎರಡು ಗ್ಲೂಕೋಸಿನ ಜೋಡಿಯೇ, ಆದರೆ ಸುಕ್ರೋಸಿನಂತೆ ಎರಡೂ ತುದಿ ಬೆಸೆದದ್ದು. ಅದನ್ನು ಬಿಡಿಸುವ ಟ್ರೆಹಲೇಸ್ ನಮ್ಮ ಕರುಳಿನಲ್ಲಿದೆ. ಕೆಲವೇ ಕೆಲವರಲ್ಲಿ ಅದು ಕಡಿಮೆ, ಅವರಿಗೆ ಒಳ್ಳೆಯ ಅಣಬೆ ತಿಂದರೂ ಹೊಟ್ಟೆ ಕೆಡುತ್ತದೆ. ಆದರೆ ಕಾಡಿನ ಅಣಬೆ ತಿಂದು ವಾಂತಿ-ಭೇದಿಯಾದರೆ ಟ್ರೆಹಲೋಸ್ ಇರಬಹುದು ಅಂತ ಯೋಚಿಸುತ್ತಾ ಕೂರಬೇಡಿ, ವಿಷ ಅಂತಲೇ ತಿಳಿದು ಆಸ್ಪತ್ರೆಗೆ ಓಡಿ.

ಪ್ರಶ್ನೆ: ಅಪ್ಪನಿಗೆ 72 ವರ್ಷ, ಸಕ್ಕರೆ ಕಾಯಿಲೆ ಇದೆ. ಮಲಬದ್ಧತೆಗೆ ಲ್ಯಾಕ್ಟುಲೋಸ್ ಸಿರಪ್ ಬರೆದಿದ್ದಾರೆ. ರುಚಿ ನೋಡಿದೆ, ಸಿಹಿ ಇದೆ. ಕೊಡಲು ಹೆದರಿಕೆ. (ಶಿವಮೊಗ್ಗ)

ಉತ್ತರ: ಹೆದರಿಕೆ ಸಹಜ. ಆದರೆ ಇದು ಬೇಕಂತಲೇ ಮಾಡಿದ, ಮನುಷ್ಯರ ಕರುಳು ಬಿಡಿಸಲಾರದ ಜೋಡಿ. ಗ್ಯಾಲಕ್ಟೋಸ್ ಮತ್ತು ಫ್ರಕ್ಟೋಸ್ ಬೆಸೆದದ್ದು. ಅದನ್ನು ಒಡೆಯುವ ಕಿಣ್ವ ನಮ್ಮಲ್ಲಿ ಇಲ್ಲದ್ದರಿಂದ ರಕ್ತಕ್ಕೆ ಹೋಗದೆ ಇಡಿಯಾಗಿ ದೊಡ್ಡ ಕರುಳಿಗೆ ಇಳಿದು, ಅಲ್ಲಿ ನೀರು ಹಿಡಿದು ಮಲವನ್ನು ಮೆದು ಮಾಡುತ್ತದೆ. ಮೇಲಿನ ಹೊಸನಗರದ ತಂಗಿಗೆ ಹಾಲಿನಿಂದ ಆಗುವ ತೊಂದರೆಯೇ ಇಲ್ಲಿ ಔಷಧಿ. ಸಿರಪ್ಪಿನಲ್ಲಿ ಬಿಡಿ ಗ್ಯಾಲಕ್ಟೋಸ್, ಲ್ಯಾಕ್ಟೋಸ್ ಸ್ವಲ್ಪ ಉಳಿದಿರುತ್ತವೆ. ಮಲಬದ್ಧತೆಗೆ ಬರೆಯುವ ಅಳತೆಯಲ್ಲಿ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಸಕ್ಕರೆ ಕಾಯಿಲೆ ಇದೆ ಅಂತ ಬರೆದ ವೈದ್ಯರಿಗೆ ಗೊತ್ತಿದೆಯೇ ಅಂತ ಒಂದು ಮಾತು ಖಚಿತಪಡಿಸಿಕೊಳ್ಳಿ. ಕುಡಿಸಿದ ಕೂಡಲೇ ಫಲ ಕಾಣದು, ಒಂದೆರಡು ದಿನ ಬೇಕು. ಅಷ್ಟರಲ್ಲಿ ಕೆಲಸ ಮಾಡಲಿಲ್ಲ ಅಂತ ಇನ್ನೊಂದು ಮುಚ್ಚಳ ಹಾಕಬೇಡಿ. ನೀರು ಮಾತ್ರ ಧಾರಾಳವಾಗಿ ಕುಡಿಸಿ.